ಹೊರಟವಳನ್ನು ಎಲ್ಲಿಗೆಂದು ಕೇಳಲಿಲ್ಲ

ನಾಲ್ಕುನೂರು ಮೀಟರ್ ಓಡುವುದನ್ನು ನಾನು ಯಾರಿಗಾದರೂ ಕಲಿಸಬಲ್ಲೆ. ಆದರೆ ಬೆಂಗಳೂರಿನಲ್ಲಿ ಐದು ಜನ ಹೆಂಗಸರಿಗೆ ಒಂದೇ ಒಂದು ರಾತ್ರಿಯ ಮಟ್ಟಿಗೆ, ಕೈಗೆಟಕುವ ಬಾಡಿಗೆಯಲ್ಲಿ, ಒಳಗಿನಿಂದ ಚಿಲಕ ಸರಿಯಾಗಿ ಬೀಳುವ ಕೋಣೆ ಹುಡುಕುವುದು ಹೇಗೆಂದು ನನಗೆ ಯಾರೂ ಕಲಿಸಿರಲಿಲ್ಲ. ಹುಣಸೂರಿನ ನಮ್ಮ ಕಾಲೇಜಿನ ಸ್ಟಾಫ್ ರೂಮಿನಲ್ಲಿ ಕುಳಿತು ಬಿಡುವಾದಾಗಲೆಲ್ಲ ಫೋನ್ ಹಚ್ಚಿದೆ. ಬಸ್ ನಿಲ್ದಾಣದ ಸುತ್ತಲಿನ ಲಾಡ್ಜ್‌ಗಳವರು ಜೊತೆಯಲ್ಲಿ ಗಂಡಸರು ಎಷ್ಟು ಜನ ಎಂದು ಕೇಳುತ್ತಿದ್ದರು. ಯಾರೂ ಇಲ್ಲ ಎಂದ ಕೂಡಲೇ ಅವರ ದನಿ ಬೇರೆಯಾಗುತ್ತಿತ್ತು. ಅಂಥ ದನಿ ಕೇಳಿದರೆ ನಾನು ಮುಂದಿನ ಮಾತು ಆಡುವವಳಲ್ಲ, ಫೋನ್ ಇಟ್ಟುಬಿಡುತ್ತೇನೆ. ಪಿ.ಜಿ.ಗಳವರು ತಿಂಗಳ ಲೆಕ್ಕಕ್ಕಾದರೆ ಬನ್ನಿ ಎಂದರು. ಕಡೆಗೆ ಮಾರ್ಕೆಟ್ ಹತ್ತಿರದ ಒಂದು ಹಳೆಯ ಛತ್ರದ ಮ್ಯಾನೇಜರು, ಹೆಣ್ಣುಮಕ್ಕಳು ಅಂತೀರಿ, ಹಾಲ್ ಖಾಲಿ ಇದ್ದರೆ ಮಲಗಿಕೊಳ್ಳಿ, ಹೊದಿಕೆ ನೀವೇ ತನ್ನಿ ಎಂದರು. "ಖಾಲಿ ಇದ್ದರೆ" ಎಂಬ ಮಾತು ನನ್ನ ಕಿವಿಗೆ ಬಿದ್ದಿತ್ತು, ತಲೆಗೆ ಇಳಿದಿರಲಿಲ್ಲ.

ನಾನು ದೈಹಿಕ ಶಿಕ್ಷಣದ ಮೇಡಂ. ಹುಡುಗಿಯರ ಬಾಯಲ್ಲಿ ಮಿಸ್. ಆ ವರ್ಷ ಮಹಿಳಾ ಪೊಲೀಸ್ ಕಾನ್‌ಸ್ಟೇಬಲ್ ಲಿಖಿತ ಪರೀಕ್ಷೆಯಲ್ಲಿ ಪಾಸಾದ ನಾಲ್ಕು ಜನ, ಬೆಳಗಿನ ಹೊತ್ತು ನಮ್ಮ ಮೈದಾನಕ್ಕೆ ಬಂದು ಓಡುತ್ತಿದ್ದರು. ಒಂದೊಂದು ತಾಲ್ಲೂಕಿನಿಂದ ಒಬ್ಬೊಬ್ಬಳು. ಅವರ ಹೆಸರುಗಳನ್ನು ನಾನು ಹಾಜರಿಯಲ್ಲಿ ಬಿಟ್ಟರೆ ಬಳಸಿದ್ದೇ ಇಲ್ಲ, ಊರಿನ ಹೆಸರು ಹಿಡಿದೇ ಕರೆಯುತ್ತಿದ್ದೆ. ಒಬ್ಬಳು ಹ್ಯಾಂಡ್‌ಪೋಸ್ಟು, ಒಬ್ಬಳು ಗುರುಪುರ, ಒಬ್ಬಳು ಕೆ.ಆರ್. ನಗರ, ಇನ್ನೊಬ್ಬಳು ಬೆಟ್ಟದಪುರ. "ಏ ಹ್ಯಾಂಡ್‌ಪೋಸ್ಟು, ಮೊಣಕಾಲು ಎತ್ತೇ" ಎಂದು ನಾನು ಕೂಗಿದರೆ ರಸ್ತೆಯಲ್ಲಿ ಹೋಗುವವರು ತಿರುಗಿ ನೋಡುತ್ತಿದ್ದರು.

ಮೊದಲ ಮೂವರು ಮದುವೆಯಾಗದ ಹುಡುಗಿಯರು. ಈ ಸಲ ಆಗದಿದ್ದರೆ ಮುಂದಿನ ಸಲ ಎನ್ನುವ ವಯಸ್ಸು. ಬೆಟ್ಟದಪುರದವಳದು ಹಾಗಲ್ಲ. ಅವಳಿಗೆ ಶಾಲೆಗೆ ಹೋಗುವ ಮಗಳಿದ್ದಳು. ಗಂಡನ ಮನೆಯಲ್ಲಿ ಹೊಗೆಸೊಪ್ಪು ಬೆಳೆಯುತ್ತಿದ್ದರು. ಸೊಪ್ಪು ಹದ ಮಾಡುವ ಬ್ಯಾರನ್ ಗೂಡು ಉರಿಯುವ ಕಾಲದಲ್ಲಿ ಸೊಪ್ಪು ಕಟ್ಟಿ, ಬೇಯಿಸಿ, ಬಿಚ್ಚಿ, ಬಣ್ಣ ನೋಡಿ ವಿಂಗಡಿಸಿ, ಅದರ ನಡುವೆ ಓದಿ ಪಾಸಾದವಳು ಅವಳು. ನೇಮಕಾತಿಗೆ ಇರುವ ವಯಸ್ಸಿನ ಮಿತಿ ಅವಳಿಗೆ ಆ ವರ್ಷಕ್ಕೇ ಮುಗಿಯುತ್ತಿತ್ತು. ಮನೆಯಲ್ಲೂ "ಇದೊಂದ್ ಸಲ ನೋಡು, ಆಮೇಲೆ ಸುಮ್ನಿರಬೇಕು" ಎಂಬ ಕರಾರು ಆಗಿತ್ತು. ಸುಮ್ಮನಿರುವುದು ಎಂದರೆ ಏನೆಂದು ಅವಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಆದ್ದರಿಂದಲೇ ಮೈದಾನದಲ್ಲಿ ಅವಳನ್ನು ಬೈಯುವಾಗ ನನ್ನ ದನಿ ಬೇರೆಯವರಿಗಿಂತ ಒಂದು ಪಟ್ಟು ಜೋರಾಗಿರುತ್ತಿತ್ತು. ಓಟದಲ್ಲಿ ಅವಳಿಗೆ ಭಯವಿರಲಿಲ್ಲ. ಅವಧಿ ಮುಗಿಯುವ ಸೀಟಿಗೆ ಬಹಳ ಮುಂಚೆಯೇ ಗೆರೆ ದಾಟಿ, ಸೊಂಟಕ್ಕೆ ಕೈಯಿಟ್ಟು ಉಳಿದವರನ್ನು ಕಾಯುತ್ತ ನಿಲ್ಲುತ್ತಿದ್ದಳು.

ದೈಹಿಕ ಪರೀಕ್ಷೆ ಬೆಂಗಳೂರಿನ ಮೈದಾನದಲ್ಲಿ ಎಂದು ಕರೆಪತ್ರ ಬಂದ ಮೇಲೆ ನಾನು ಓಟದ ಜೊತೆಗೆ ನಗರವನ್ನೂ ಕಲಿಸತೊಡಗಿದೆ. ಬಸ್ಸಿನ ಬಣ್ಣ ನೋಡಿ ಹತ್ತಬೇಡಿ, ನಂಬರ್ ನೋಡಿ ಹತ್ತಿ. ಎ.ಸಿ. ಬಸ್ಸಿನಲ್ಲಿ ಹೆಂಗಸರಿಗೆ ಪುಕ್ಕಟೆ ಇಲ್ಲ. ಆಧಾರ್ ಕಾರ್ಡನ್ನು ಬ್ಯಾಗಿನ ತಳದಲ್ಲಿಟ್ಟು ಕಂಡಕ್ಟರ್ ಬಂದಾಗ ಬಟ್ಟೆಯನ್ನೆಲ್ಲ ಹೊರಗೆ ಹಾಕಬೇಡಿ. ದಾರಿ ಕೇಳಬೇಕಾದರೆ ನಡೆದು ಹೋಗುವವರನ್ನು ಕೇಳಬೇಡಿ, ಅವರೂ ನಿನ್ನೆ ಬಂದವರೇ ಆಗಿರುತ್ತಾರೆ. ಕಂಡಕ್ಟರನ್ನು ಕೇಳಿ, ಆಟೋ ಸ್ಟ್ಯಾಂಡಿನಲ್ಲಿ ಕೇಳಿ, ಹೂ ಮಾರುವವರನ್ನು ಕೇಳಿ. ಮೂಲ ದಾಖಲೆಗಳ ಫೈಲು ಮೈಗಂಟಿಕೊಂಡೇ ಇರಲಿ. ಈ ಕಡೆಯ ಮಾತನ್ನು ನಾನು ಎಷ್ಟು ಸಲ ಹೇಳಿದೆನೆಂದರೆ, ಹ್ಯಾಂಡ್‌ಪೋಸ್ಟಿನವಳು ನನ್ನ ದನಿಯಲ್ಲೇ "ಫೈಲೂ, ಫೈಲೂ" ಎಂದು ಅಣಕಿಸಿ ಎಲ್ಲರನ್ನೂ ನಗಿಸುತ್ತಿದ್ದಳು.

ಪರೀಕ್ಷೆಯ ಹಿಂದಿನ ದಿನ ಮಬ್ಬುಗತ್ತಲಲ್ಲೇ ಹುಣಸೂರು ಬಸ್ ನಿಲ್ದಾಣ ಸೇರಿದೆವು. ಹ್ಯಾಂಡ್‌ಪೋಸ್ಟಿನವಳೂ ಕೆ.ಆರ್. ನಗರದವಳೂ ಮೈಸೂರಿನಲ್ಲಿ ಸೇರಿಕೊಳ್ಳುವವರಿದ್ದರು. ಬೆಟ್ಟದಪುರದವಳನ್ನು ಕಳಿಸಲು ಅವಳ ಅತ್ತೆ ಹಿಂದಿನ ಸಂಜೆಯೇ ಜೊತೆಗೆ ಬಂದು ಹುಣಸೂರಿನ ನೆಂಟರ ಮನೆಯಲ್ಲಿ ಉಳಿದಿದ್ದರು. ಸೊಸೆ ಬಸ್ಸಿನ ಮೆಟ್ಟಿಲಿಗೆ ಕಾಲಿಟ್ಟದ್ದೇ ತಡ, ಕಂಡಕ್ಟರ್ ತನ್ನ ಅಭ್ಯಾಸದಂತೆ ಎಲ್ಲಿಗಮ್ಮ ಎಂದು ಕೇಳಿದ. ಅತ್ತೆಯ ಮುಖ ಕಪ್ಪಿಟ್ಟಿತು. ನಮ್ಮ ಕಡೆ ಹೊರಟವರನ್ನು ಎಲ್ಲಿಗೆಂದು ಕೇಳುವುದಿಲ್ಲ. ಕೇಳಿದರೆ ಹೋದ ಕೆಲಸ ಕೆಡುತ್ತದೆ. ತೀರ ತಿಳಿಯಬೇಕೆನಿಸಿದರೆ "ದೂರಾನಾ?" ಎನ್ನಬೇಕು. ಹೊರಟವರು "ಊಂ, ಇಲ್ಲೇ" ಎಂದೋ "ವಸಿ ದೂರವೇ" ಎಂದೋ ಹೇಳಿ ಹೋಗುತ್ತಾರೆ. ಅಲ್ಲಿಗೆ ಎರಡೂ ಕಡೆಯ ಮರ್ಯಾದೆ ಉಳಿಯುತ್ತದೆ. ಅತ್ತೆ ಸೊಸೆಯ ಕೈಹಿಡಿದು ಕೆಳಗಿಳಿಸಿ, ಕಲ್ಲುಬೆಂಚಿನ ಮೇಲೆ ಕೂರಿಸಿ, ಬಾಟಲಿಯಿಂದ ಎರಡು ಗುಟುಕು ನೀರು ಕುಡಿಸಿ, ಆಮೇಲೆ ಎಬ್ಬಿಸಿದರು. ಅಷ್ಟು ಹೊತ್ತೂ ಬಸ್ಸು ನಿಂತಿತ್ತು. ಡ್ರೈವರ್ ಗೊಣಗಿದ. ಕೇಳದಿದ್ದರೆ ಟಿಕೆಟ್ ಎಲ್ಲಿಗೆ ಹರಿಯಲಿ ಎಂದು ಕಂಡಕ್ಟರ್ ನನ್ನ ಮುಖ ನೋಡಿದ. ನನಗೂ ನಗು ಬಂದಿತ್ತು.

ಬೆಂಗಳೂರಿನಲ್ಲಿ ಇಳಿದಾಗ ಬಿಸಿಲೇರಿತ್ತು. ಮೆಟ್ರೊದಲ್ಲಿ ಹೋದರೆ ದಾರಿ ತಪ್ಪುವ ಪ್ರಶ್ನೆಯಿಲ್ಲ ಎಂಬುದು ನನ್ನ ಲೆಕ್ಕ. ಆದರೆ ನನ್ನ ಬ್ಯಾಗಿನಲ್ಲಿ ಕಾಲೇಜಿನ ನಾಲ್ಕು ಕಿಲೋ ಗುಂಡು ಇತ್ತು. ಹಿಂದಿನ ದಿನ ಎರಡು ಎಸೆತ ಎಸೆದರೆ ಕೈಗೆ ತೂಕ ನೆನಪಿರುತ್ತದೆ ಎಂದು ಹೊತ್ತು ತಂದಿದ್ದೆ. ಬ್ಯಾಗು ಯಂತ್ರದೊಳಗೆ ಹೋಯಿತು, ಯಂತ್ರ ನಿಂತಿತು. ಒಳಗಿರುವುದು ಏನೆಂದು ಕಾವಲಿನ ಹೆಂಗಸು ಕೇಳಿದಳು. ನಾನು ಬಾಯಿ ತೆರೆಯುವುದರೊಳಗೆ ಹ್ಯಾಂಡ್‌ಪೋಸ್ಟಿನವಳು ಬಹಳ ವಿನಯದಿಂದ, "ಗುಂಡು ಕಣ್ರೀ" ಎಂದಳು. ಆಮೇಲೆ ಮೂವರು ಬಂದರು. ಎಸೆಯುವ ಗುಂಡಿಗೂ ಹೊಡೆಯುವ ಗುಂಡಿಗೂ ಇರುವ ವ್ಯತ್ಯಾಸವನ್ನು ನಾನು ಕೈ ಬೀಸಿ ಬೀಸಿ ತೋರಿಸಿದೆ. ಅವರಿಗೂ ಕೊನೆಗೆ ನಗು ಬಂತು, ಆದರೆ ಅದನ್ನು ಒಳಗೆ ಬಿಡುವಂತಿಲ್ಲ ಎಂದರು. ಗುಂಡನ್ನು ಅಲ್ಲೇ ಬಿಟ್ಟುಹೋಗೋಣವೆಂದರೆ ಅದು ಕಾಲೇಜಿನ ಸ್ವತ್ತು. ಹೀಗೆ ನಾವು ಮೆಟ್ರೊ ಬಿಟ್ಟು ಸಿಟಿ ಬಸ್ಸಿನ ಪಾಲಾದೆವು.

ಛತ್ರಕ್ಕೆ ಹೋದರೆ ಬಾಗಿಲಲ್ಲಿ ಬಾಳೆಕಂಬ. ಮರುದಿನದ ಮುಹೂರ್ತಕ್ಕೆ ಗಂಡಿನ ಕಡೆಯವರು ಅಂದುಕೊಂಡದ್ದಕ್ಕಿಂತ ಹೆಚ್ಚಾಗಿ ಬಂದು ನಮ್ಮ ಹಾಲನ್ನೂ ತುಂಬಿಕೊಂಡಿದ್ದರು. ಮ್ಯಾನೇಜರು ತಾವು "ಖಾಲಿ ಇದ್ದರೆ" ಎಂದು ಹೇಳಿದ್ದನ್ನು ನೆನಪಿಸಿದರು. ನಾನು ಮೈದಾನದ ದನಿಯಲ್ಲಿ ಜಗಳ ತೆಗೆದೆ. ಪಾಪ, ಅವರು ಎದುರಾಡಲಿಲ್ಲ. ಮೊದಲು ಊಟ ಮಾಡಿ, ಅಷ್ಟರಲ್ಲಿ ಬೇರೆ ಜಾಗ ನೋಡುತ್ತೇನೆ ಎಂದು ನಮ್ಮನ್ನು ಆ ಮದುವೆಯ ಪಂಕ್ತಿಯಲ್ಲೇ ಕೂರಿಸಿದರು. ಯಾರದೋ ಮದುವೆ, ಯಾರ ಕಡೆಯವರು ಎಂದು ಯಾರಾದರೂ ಕೇಳುತ್ತಾರೋ ಎಂಬ ಮುಜುಗರದಲ್ಲಿ ತಲೆ ಬಗ್ಗಿಸಿ ಗಬಗಬ ಉಂಡೆವು. ಕೆ.ಆರ್. ನಗರದವಳು, ರೈಲಿನಲ್ಲಿ ಸೀಟು ಕಾದಿರಿಸಿ ಬಂದಿದ್ದರೆ ಸ್ಟೇಷನ್ನಿನ ಡಾರ್ಮಿಟರಿಯಲ್ಲಿ ಮಲಗಬಹುದಿತ್ತು, ನಮ್ಮ ಅಣ್ಣ ಹಾಗೇ ಮಾಡುವುದು ಎಂದು ಆಗ ಹೇಳಿದಳು. ಬಸ್ಸು ಪುಕ್ಕಟೆ ಎಂಬ ಒಂದೇ ಸಂತೋಷದಲ್ಲಿ ರೈಲಿನ ಯೋಚನೆಯನ್ನೇ ನಾನು ಮಾಡಿರಲಿಲ್ಲ. ಈಗೇಕೆ ಹೇಳುತ್ತೀಯೆ ಎಂದು ಅವಳ ಮೇಲೆ ರೇಗಿದೆ.

ಪಾಯಸ ಬರುವ ಹೊತ್ತಿಗೆ ಮ್ಯಾನೇಜರು ಜಾಗ ಹಿಡಿದಿದ್ದರು. ಊರಿನ ಇನ್ನೊಂದು ಭಾಗದಲ್ಲಿ ಹೆಣ್ಣುಮಕ್ಕಳ ಒಂದು ಹಾಸ್ಟೆಲ್ಲು. ರಜೆ ಇದ್ದುದರಿಂದ ಮಂಚಗಳು ಖಾಲಿ. ಆದರೆ ಕೂಡಲೇ ಹೋಗಿ ವಾರ್ಡನ್ನರ ಮುಂದೆ ನಿಲ್ಲಬೇಕು, ಇಲ್ಲವಾದರೆ ಅದೂ ಇಲ್ಲ. ಎಲೆ ಬಿಟ್ಟು ಎದ್ದೆವು, ಬ್ಯಾಗು ಹೆಗಲಿಗೇರಿಸಿದೆವು, ಎರಡು ಆಟೋ ಹಿಡಿದು ಓಡಿದೆವು.

ಹಾಸ್ಟೆಲ್ ಚೊಕ್ಕಟವಾಗಿತ್ತು. ಮುಂದೆ ದಾನಿಗಳ ಉದ್ದನೆಯ ಹೆಸರಿದ್ದ ಬೋರ್ಡು. ಅದನ್ನು ನಮ್ಮಲ್ಲಿ ಯಾರೂ ಪೂರ್ತಿ ಓದಲಿಲ್ಲ. ಚಿಲಕ ಸರಿಯಾಗಿ ಬೀಳುತ್ತಿತ್ತು, ಬಚ್ಚಲಲ್ಲಿ ನೀರು ಬರುತ್ತಿತ್ತು. ನನಗೆ ಅಷ್ಟು ಸಾಕಾಗಿತ್ತು. ಬ್ಯಾಗು ಇಟ್ಟವರೇ ಪರೀಕ್ಷೆಯ ಮೈದಾನದವರೆಗೆ ಒಂದು ತಾಲೀಮು ಹೊರಟೆವು. ಹೊಸ ಜಾಗದಲ್ಲಿ ಹಿಂದಿನ ದಿನವೇ ಒಮ್ಮೆ ಹೋಗಿ ಬರಬೇಕು ಎಂಬುದು ನನ್ನ ಪದ್ಧತಿ. ಯಾವ ಸ್ಟಾಪು, ಯಾವ ನಂಬರು, ಇಳಿದ ಮೇಲೆ ಎಷ್ಟು ನಡಿಗೆ ಎಂಬುದೆಲ್ಲ ಕಾಲಿಗೇ ಗೊತ್ತಾಗಬೇಕು. ಬಸ್ಸು ಮೈದಾನದ ಪಕ್ಕದಲ್ಲೇ ಕೊನೆಯಾಗಿ, ಅಲ್ಲೇ ತಿರುಗಿಸಿಕೊಂಡು, ಇಳಿದ ಜಾಗದಲ್ಲೇ ನಮ್ಮನ್ನು ಮತ್ತೆ ಹತ್ತಿಸಿಕೊಂಡಿತು. ಥೇಟ್ ನಮ್ಮೂರ ಬಸ್ಸಿನ ಹಾಗೇ ಎಂದು ಬೆಟ್ಟದಪುರದವಳು ಸಮಾಧಾನಪಟ್ಟಳು. ನನಗೂ ಅದು ಒಳ್ಳೆಯದೆಂದೇ ಅನಿಸಿತು.

ವಾಪಸು ಬಂದಾಗ ಬಿಸಿಲು ಇಳಿಯುತ್ತಿತ್ತು. ನಾಳೆ ಬೆಳಕು ಹರಿಯುವ ಮುಂಚೆ ಗೇಟು ತೆಗೆಸಬೇಕೆಂದು ಕೇಳಲು ನಾನು ವಾರ್ಡನ್ನರ ಕೋಣೆಗೆ ಹೋದೆ. ಅವರು ಹಾಸ್ಟೆಲ್ಲಿನ ನಿಯಮಗಳನ್ನು ಹೇಳುತ್ತ ಹೋದರು. ಎಲ್ಲಕ್ಕೂ ತಲೆಯಾಡಿಸಿ ಹೊರಬರುವಷ್ಟರಲ್ಲಿ ದೀಪ ಹಚ್ಚಿದ್ದರು. ಕೋಣೆಯಲ್ಲಿ ಮೂರೇ ಜನ ಕೂತಿದ್ದರು.

ಬೆಟ್ಟದಪುರ ಎಲ್ಲಿ ಎಂದೆ. ಹೊರಗೆ ಹೋಗಿದ್ದಾಳೆ ಎಂದರು. ಎಲ್ಲಿಗೆ ಎಂದೆ. ಮೂವರಿಗೂ ಗೊತ್ತಿರಲಿಲ್ಲ.

ಗುರುಪುರದವಳು ಮಿತಭಾಷಿ, ಸುಳ್ಳು ಹೇಳುವವಳಲ್ಲ. ಅವಳೇ ಹೇಳಿದಳು. "ಓಗ್ಬುಟ್ ಬತ್ತೀನಿ ಅಂದ್ಲು ಮಿಸ್. ನಾನು ದೂರಾನಾ ಅಂದೆ. ಇಲ್ಲ, ಇಲ್ಲೇ ಅಂದ್ಲು."

"ಎಲ್ಲಿಗೆ ಅಂತ ಕೇಳಕ್ಕೇನಾಗಿತ್ತು ನಿಂಗೆ?"

"ಒಂಟೋರ್ನ ಅಂಗೆ ಕೇಳ್ತಾರಾ ಮಿಸ್? ನಾಳೀಕೆ ಅವಳ ಪರೀಕ್ಷೆ ಮಡೀಕಂಡು?"

ಅವಳು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ನಾನು ಆ ಕೋಣೆಯಲ್ಲಿದ್ದಿದ್ದರೂ ಅಷ್ಟನ್ನೇ ಕೇಳುತ್ತಿದ್ದೆನೇನೋ. ಇಡೀ ವರ್ಷ ಕಾದ ದಿನ ನಾಳೆ ಇರುವಾಗ, ಆ ಹೆಣ್ಣಿನ ಕಾಲಿಗೆ ಅಡ್ಡವಾಗುವ ಮಾತನ್ನು ಯಾರು ತಾನೇ ಆಡುತ್ತಾರೆ.

ಅವಳ ಬ್ಯಾಗು ಬಿಚ್ಚಿದೆ. ಶೂ ಇತ್ತು, ಬಟ್ಟೆ ಇತ್ತು, ಅತ್ತೆ ಕಟ್ಟಿಕೊಟ್ಟ ರವೆ ಉಂಡೆ ಇತ್ತು. ನೀಲಿ ಫೈಲು ಮಾತ್ರ ಇರಲಿಲ್ಲ. ಹ್ಯಾಂಡ್‌ಪೋಸ್ಟಿನವಳಿಗೆ ಆಗ ನೆನಪಾಯಿತು. ತಾಲೀಮಿನ ಬಸ್ಸಿನಲ್ಲಿ ಕಂಡಕ್ಟರ್ ನನ್ನೊಬ್ಬಳ ಕಾರ್ಡು ನೋಡಿ ಐದೂ ಜನಕ್ಕೆ ಟಿಕೆಟ್ ಹರಿದಿದ್ದ. ಉಳಿದವರು ತಮ್ಮ ಕಾರ್ಡನ್ನು ಕೈಯಲ್ಲಿ ಹಿಡಿದಿದ್ದರಂತೆ, ಬೆಟ್ಟದಪುರದವಳು ಮಾತ್ರ ಕಿಟಕಿಯ ಕಡೆ ತಿರುಗಿ ಕೂತಿದ್ದಳಂತೆ. ಛತ್ರದಲ್ಲಿ ಊಟಕ್ಕೆ ಕೂರುವಾಗ ಅವಳು ಫೈಲನ್ನು ಕಿಟಕಿಯ ಕಟ್ಟೆಯ ಮೇಲೆ ಇಟ್ಟದ್ದನ್ನು ನಾನೇ ಕಂಡಿದ್ದೆ. ಅದು ಎಂಜಲಾಗದಿರಲಿ ಎಂದು ಇಟ್ಟಿದ್ದಳು. ಅದರಲ್ಲಿ ಕರೆಪತ್ರ, ಆಧಾರ್, ಅಂಕಪಟ್ಟಿ ಎಲ್ಲವೂ ಇತ್ತು. ಅವಿಲ್ಲದೆ ಮೈದಾನದೊಳಗೆ ಬಿಡುವುದಿಲ್ಲ. ಅವಳ ಹತ್ತಿರ ಫೋನ್ ಇರಲಿಲ್ಲ. ಮನೆಗೆಲ್ಲ ಇದ್ದದ್ದು ಒಂದು ಫೋನು. ಸೊಪ್ಪಿನ ಹರಾಜಿನ ಸುದ್ದಿ ಅದಕ್ಕೇ ಬರಬೇಕಾದ್ದರಿಂದ ಗಂಡನ ಹತ್ತಿರವೇ ಇತ್ತು.

ಉಳಿದ ಮೂವರಿಗೆ ಕೋಣೆ ಬಿಟ್ಟು ಕದಲಬಾರದೆಂದು ಹೇಳಿ ಆಟೋ ಹಿಡಿದು ಛತ್ರಕ್ಕೆ ಹೋದೆ. ಮ್ಯಾನೇಜರು ಫೈಲನ್ನು ಎತ್ತಿಟ್ಟುಕೊಂಡಿದ್ದರಂತೆ. ಆಗಲೇ ಬಂದು ತೆಗೆದುಕೊಂಡು, ಕೈಮುಗಿದು ಹೋದಳು ಎಂದರು. ಹಾಗಾದರೆ ಅವಳು ನನಗಿಂತ ಮುಂಚೆ ಹಾಸ್ಟೆಲ್ ಸೇರಿರಬೇಕಿತ್ತು. ಹ್ಯಾಂಡ್‌ಪೋಸ್ಟಿನವಳಿಗೆ ಫೋನ್ ಮಾಡಿದೆ. ಬಂದಿರಲಿಲ್ಲ.

ಛತ್ರದ ಹತ್ತಿರದ ಬಸ್ ಸ್ಟಾಪಿನಲ್ಲಿ ನಿಂತು ಅವಳ ಹಾಗೆ ಯೋಚಿಸಲು ನೋಡಿದೆ. ಅಲ್ಲಿ ಹೂ ಮಾರುತ್ತಿದ್ದ ಹೆಂಗಸನ್ನು ಕೇಳಿದೆ. ನೀಲಿ ಫೈಲು ಎದೆಗೆ ಅವಚಿಕೊಂಡಿದ್ದ ಹೆಂಗಸು ತಾನೇ, ಇದೇ ಜಾಗದಲ್ಲಿ ಇಳಿದಳು, ಆಮೇಲೆ ಬಂದು ಇದೇ ಜಾಗದಲ್ಲಿ ನಿಂತು ಅದೇ ನಂಬರಿನ ಬಸ್ ಹತ್ತಿದಳು ಎಂದಳು ಅವಳು. ನಮ್ಮ ಹಳ್ಳಿಗಳಲ್ಲಿ ಬಸ್ಸಿಗೆ ಆ ಕಡೆ ಈ ಕಡೆ ಎಂಬುದಿಲ್ಲ. ಅರಳಿಕಟ್ಟೆಯ ಹತ್ತಿರ ಇಳಿಸುತ್ತದೆ, ಮುಂದೆ ಹೋಗಿ ತಿರುಗಿಸಿಕೊಂಡು ಬಂದು ಅದೇ ಕಟ್ಟೆಯ ಹತ್ತಿರ ಹತ್ತಿಸಿಕೊಳ್ಳುತ್ತದೆ. ಎಲ್ಲಿ ಇಳಿದೆಯೋ ಅಲ್ಲೇ ಕಾಯಬೇಕು. ಮಧ್ಯಾಹ್ನದ ನನ್ನ ತಾಲೀಮು ಬೇರೆ ಅದನ್ನೇ ಗಟ್ಟಿಮಾಡಿತ್ತು. ಇಲ್ಲಿ ವಾಪಸು ಬರುವ ಬಸ್ಸು ರಸ್ತೆಯ ಆಚೆ ಬದಿಯಲ್ಲಿ ನಿಲ್ಲುತ್ತದೆ, ರಸ್ತೆ ದಾಟಬೇಕು ಎಂಬ ಒಂದು ಮಾತನ್ನು ನಾನು ಯಾವ ಪಾಠದಲ್ಲೂ ಹೇಳಿರಲಿಲ್ಲ. ನನಗೇ ಅದು ಹೇಳಬೇಕಾದ ಮಾತೆಂದು ಹೊಳೆದಿರಲಿಲ್ಲ. ನಂಬರ್ ನೋಡಿ ಹತ್ತಿ ಎಂದಿದ್ದೆ. ಅವಳು ನಂಬರ್ ನೋಡಿಯೇ ಹತ್ತಿದ್ದಳು.

ಅದೇ ನಂಬರಿನ ಬಸ್ಸು ಹಿಡಿದು, ಅವಳು ಹೋದ ದಿಕ್ಕಿಗೇ, ಕೊನೆಯ ಸ್ಟಾಪಿನವರೆಗೆ ಹೋದೆ. ಪ್ರತಿ ಸ್ಟಾಪಿನಲ್ಲೂ ತಲೆ ಹೊರಗೆ ಹಾಕಿ ನೋಡಿದೆ. ಕೊನೆಯ ಸ್ಟಾಪಿನಲ್ಲಿ ಕಂಟ್ರೋಲರ್ ಆಗ ತಾನೇ ಪಾಳಿಗೆ ಬಂದವರು. ಅವರಿಗೆ ಏನೂ ಗೊತ್ತಿರಲಿಲ್ಲ. ಹಿಂದಿನ ಪಾಳಿಯವರಿಗೆ ಫೋನ್ ಮಾಡಿ ನೋಡಿದರು, ಅವರು ಎತ್ತಲಿಲ್ಲ. ಅಲ್ಲಿಂದ ಯಾವ ದಿಕ್ಕಿಗೆ ನೋಡಿದರೂ ಬಸ್ಸು, ಎಲ್ಲ ಬಸ್ಸಿನ ತುಂಬ ಜನ.

ಹಾಸ್ಟೆಲ್ಲಿಗೆ ಹತ್ತಿರದ ಪೊಲೀಸ್ ಠಾಣೆಗೆ ಹೋಗಿ ವಿವರ ಬರೆಸಿದೆ. ಅಲ್ಲಿದ್ದ ಹೆಣ್ಣುಮಗಳು ಬೆಟ್ಟದಪುರದವಳು ಸೇರಬೇಕೆಂದಿದ್ದ ಕೆಲಸದಲ್ಲೇ ಇದ್ದವಳು. ಒಳ್ಳೆಯ ಮಾತಾಡಿದಳು, ಎಲ್ಲ ಕಡೆ ಹೇಳುತ್ತೇವೆ ಎಂದಳು, ಮನೆಯವರ ನಂಬರ್ ಕೊಡಿ ಎಂದಳು. ನಾನು ಫೋನ್ ತೆಗೆದೆ. ಅವಳ ಗಂಡನ ನಂಬರ್ ಪರದೆಯ ಮೇಲೆ ಬಂತು. ಒತ್ತಿದರೆ ಆಯಿತು. ಆದರೆ ಆ ಫೋನ್ ಆ ಮನೆಯಲ್ಲಿ ರಿಂಗಾದರೆ, ಬೆಳಗಾಗುವುದರೊಳಗೆ ಇಡೀ ಬೀದಿಗೆ ಗೊತ್ತಾಗುತ್ತದೆ. ಅವಳು ಕ್ಷೇಮವಾಗಿ ಸಿಕ್ಕಿದರೂ, ಪರೀಕ್ಷೆಯಲ್ಲಿ ಗೆದ್ದರೂ, ಬೆಂಗಳೂರಿನಲ್ಲಿ ಒಂದು ರಾತ್ರಿ ಎಲ್ಲಿದ್ದಳೋ ಎಂಬ ಮಾತು ಅವಳ ಬೆನ್ನು ಬಿಡುವುದಿಲ್ಲ. ಒತ್ತದೆ ಇದ್ದು, ಅವಳಿಗೆ ಏನಾದರೂ ಆಗಿದ್ದರೆ, ನಾನು ಯಾರಿಗೂ ಮುಖ ತೋರಿಸುವ ಹಾಗಿಲ್ಲ. ಎರಡನ್ನೂ ತೂಗಿ ನೋಡುವಷ್ಟು ಸಮಾಧಾನ ನನಗಿರಲಿಲ್ಲ. ಬೆಳಗಿನವರೆಗೆ ಕಾಯುವುದು ಎಂದು ನಿರ್ಧರಿಸಿ ನನ್ನ ನಂಬರನ್ನೇ ಕೊಟ್ಟೆ.

"ಮನೆಯೋರ್ದು ಕೊಡಿ ಮೇಡಂ," ಎಂದಳು ಅವಳು.

"ನಾನೇ ಮನೆಯವಳು ಬರ್ಕೊಳ್ಳಮ್ಮ," ಎಂದೆ.

ಆ ರಾತ್ರಿ ನಾವು ನಾಲ್ವರೂ ಮಲಗಿದ್ದೆವು ಎಂದಷ್ಟೇ ಹೇಳಬಹುದು.

ಬೆಳಗಿನ ಮೊದಲ ಬಸ್ಸಿಗೆ ಮೂವರನ್ನೂ ಕರೆದುಕೊಂಡು ಮೈದಾನಕ್ಕೆ ಹೊರಟೆ. ಬೆಟ್ಟದಪುರದವಳ ಬ್ಯಾಗನ್ನೂ ಹೊತ್ತುಕೊಂಡೆ. ಅದನ್ನು ಹಾಸ್ಟೆಲ್ಲಿನಲ್ಲಿ ಬಿಡಲು ಮನಸ್ಸು ಬರಲಿಲ್ಲ. ಮೈದಾನದ ಕಾಂಪೌಂಡಿನುದ್ದಕ್ಕೂ ಜನ. ದೂರದ ಜಿಲ್ಲೆಗಳಿಂದ ಹಿಂದಿನ ಸಂಜೆಯೇ ಬಂದ ಹುಡುಗಿಯರು, ಅವರ ಅಪ್ಪಂದಿರು, ಅಜ್ಜಿಯರು, ಫುಟ್‌ಪಾತಿನ ಮೇಲೇ ಹಾಸಿಕೊಂಡು ರಾತ್ರಿ ಕಳೆದಿದ್ದರು. ಬಿಡಿಗಾಸಿನ ವಸತಿಗೆಂದು ನಾನು ಅಷ್ಟು ದಿನ ಫೋನ್ ಹಚ್ಚಿದ್ದೆನಲ್ಲ, ಇವರೆಲ್ಲ ಅಂಥದೊಂದು ಇದೆಯೆಂಬ ಆಸೆಯನ್ನೂ ಇಟ್ಟುಕೊಳ್ಳದೆ ಬಂದವರು.

ಅವರ ನಡುವಿನಿಂದ ಬೆಟ್ಟದಪುರದವಳು ಎದ್ದು ಬಂದಳು. ಕೂದಲು ಕೆದರಿತ್ತು, ಚಪ್ಪಲಿಯ ಉಂಗುಷ್ಠ ಕಿತ್ತು ಕೈಯಲ್ಲಿತ್ತು. ಇನ್ನೊಂದು ಕೈಯಲ್ಲಿ ಫೈಲು. ಹೊಡೆಯಬೇಕೆಂದೇ ಕೈ ಎತ್ತಿದೆ. ಆ ಕೈ ಅವಳ ಹೆಗಲ ಮೇಲೆ ಹೋಗಿ ಕೂತಿತು.

"ಫೈಲು ಸಿಕ್ತು ಮಿಸ್," ಎಂದಳು.

ಆಮೇಲೆ ಸ್ವಲ್ಪ ಸ್ವಲ್ಪವಾಗಿ ಹೇಳಿದಳು. ಕಾರ್ಡಿಲ್ಲದ್ದಕ್ಕೆ ಹೋಗುವಾಗ ಕೈಯಿಂದ ದುಡ್ಡು ಕೊಟ್ಟು ಟಿಕೆಟ್ ತೆಗೆದುಕೊಂಡಳಂತೆ. ವಾಪಸು ಬರುವಾಗ ಕೊನೆಯ ಸ್ಟಾಪು ಬಂದರೂ ಇಳಿಯದೆ, ಬಸ್ಸು ತಿರುಗಿಸುತ್ತಾರೆ ಎಂದು ಸೀಟಿನಲ್ಲೇ ಕೂತಿದ್ದಳಂತೆ. ಇದು ಡಿಪೋಗೆ ಹೋಗುತ್ತೆ ಇಳಿಯಮ್ಮ ಎಂದ ಕಂಡಕ್ಟರ್, ಎಲ್ಲಿಗೆ ಹೋಗಬೇಕು ಎಂದು ಕೇಳಿದ. ಹಾಸ್ಟೆಲ್ಲಿಗೆ ಎಂದಳು. ಯಾವ ಹಾಸ್ಟೆಲ್ಲಿಗೆ ಎಂದ. ಅದರ ಹೆಸರು ಅವಳಿಗೆ ಗೊತ್ತಿರಲಿಲ್ಲ. ಹಾಸ್ಟೆಲ್ ಹತ್ತಿರ ಹತ್ತಿದ ಸ್ಟಾಪಿನ ಹೆಸರೂ ಗೊತ್ತಿರಲಿಲ್ಲ, ನನ್ನ ಫೋನ್ ನಂಬರೂ ಬಾಯಲ್ಲಿರಲಿಲ್ಲ. ಮಾರ್ಕೆಟ್ ಬಿಟ್ಟರೆ ಈ ಊರಿನಲ್ಲಿ ಅವಳಿಗೆ ಹೆಸರು ಹೇಳಿ ಕೇಳಬಲ್ಲ ಜಾಗ ಎಂದರೆ ಮೈದಾನವೊಂದೇ, ಬೆಳಿಗ್ಗೆ ನಾವು ಬಂದೇ ಬರುವುದೂ ಅಲ್ಲಿಗೇ. ಅಲ್ಲಿದ್ದವರು ಅವಳನ್ನು ಮೈದಾನದ ಕಡೆಯ ಬಸ್ಸು ಹತ್ತಿಸಿದರು. ಅದು ಇಳಿಸಿದ ಕಡೆಯಿಂದ ಕೇಳುತ್ತ ಕೇಳುತ್ತ ಬಹಳ ದೂರ ನಡೆದಳು. ಕಲಬುರಗಿ ಕಡೆಯ ಒಬ್ಬ ಅಜ್ಜಿ ತನ್ನ ಮೊಮ್ಮಗಳ ಪಕ್ಕದಲ್ಲಿ ಜಾಗ ಕೊಟ್ಟು, ಜೋಳದ ರೊಟ್ಟಿ ಕೊಟ್ಟಳು. ಫೈಲು ಮತ್ತೆಲ್ಲಿ ಕೈತಪ್ಪುತ್ತದೋ ಎಂದು ಇವಳು ಕಣ್ಣು ಮುಚ್ಚಲಿಲ್ಲ.

"ಇಲ್ಲೇ ಅಂದು ಹೋಗಿದ್ಯಂತೆ. ಒಂದ್ ಮಾತು ಹೇಳಿ ಹೋಗಕ್ಕೆ ಏನಾಗಿತ್ತು?" ಎಂದೆ.

"ನಿಮ್ಗೆ ಏಳಕ್ಕೆ ನಾಚ್ಕೆ ಆಯ್ತು ಮಿಸ್, ಅಷ್ಟು ಸಲ ಫೈಲು ಫೈಲು ಅಂದಿದ್ರಿ." ಗುರುಪುರದವಳ ಕಡೆ ನೋಡಿ, "ಇವ್ರು ಕೇಳಿದ್ರೆ ಏಳ್ತಿದ್ದೆ. ಯಾರೂ ಕೇಳ್ನಿಲ್ಲ," ಎಂದಳು.

ಗುರುಪುರದವಳು ಮುಖ ಆ ಕಡೆ ತಿರುಗಿಸಿಕೊಂಡಳು.

ಠಾಣೆಗೆ ಫೋನ್ ಮಾಡಿ ಸಿಕ್ಕಳೆಂದು ಹೇಳಿದೆ. ಅಷ್ಟರಲ್ಲಿ ಹೆಸರು ಕೂಗತೊಡಗಿದರು. ಶೂ ತೆಗೆದುಕೊಟ್ಟೆ. ಪಾದ ಊದಿಕೊಂಡು ಒಳಗೆ ಹೋಗಲಿಲ್ಲ. ದಾರ ಪೂರ್ತಿ ಸಡಿಲಿಸಿದರೂ ಹಿಮ್ಮಡಿ ಕೂರಲಿಲ್ಲ. ಬರಿಗಾಲಲ್ಲಿ ಓಡುತ್ತೇನೆ, ಮೊದಮೊದಲು ಹಾಗೇ ಓಡುತ್ತಿದ್ದೆನಲ್ಲ ಎಂದು ಅವಳೇ ನನಗೆ ಸಮಾಧಾನ ಹೇಳಿದಳು. ಅತ್ತೆಯ ರವೆ ಉಂಡೆಯನ್ನು ಮುರಿದು ಅವಳ ಬಾಯಿಗೆ ಹಾಕಿದೆ. ಕಣಕಾಲಿನ ಸ್ನಾಯುಗಳನ್ನು ತಿಕ್ಕಿದೆ. ಅವು ಕಟ್ಟಿಗೆಯಂತೆ ಬಿಗಿದಿದ್ದವು. ಏನಾಗುತ್ತದೆಂದು ನನ್ನ ಕೈಗೆ ಆಗಲೇ ಗೊತ್ತಾಯಿತು. ಅವಳ ಮುಖಕ್ಕೆ ಮಾತ್ರ ಅದನ್ನು ಕಾಣಿಸಲಿಲ್ಲ.

ನಮ್ಮಂಥವರನ್ನು ಒಳಗೆ ಬಿಡುವುದಿಲ್ಲ. ಗೇಟಿನ ಸರಳುಗಳ ನಡುವಿನಿಂದ ಟ್ರ್ಯಾಕಿನ ಒಂದು ತಿರುವು ಮಾತ್ರ ಕಾಣುತ್ತಿತ್ತು. ಅವಳ ತಂಡ ಬಂತು. ಆ ತಿರುವಿನಲ್ಲಿ ಅವಳು ಎಲ್ಲರಿಗಿಂತ ಮುಂದಿದ್ದಳು. ನನ್ನ ಬಾಯಿಂದ ಅವಳ ಊರಿನ ಹೆಸರು ಹೊರಟೇಬಿಟ್ಟಿತು. ಪಕ್ಕದಲ್ಲಿ ನಿಂತಿದ್ದ ಕಲಬುರಗಿಯ ಅಜ್ಜಿಯೂ ಸರಳು ಹಿಡಿದುಕೊಂಡಿದ್ದಳು. ಆಮೇಲೆ ಅವರೆಲ್ಲ ಗೋಡೆಯ ಮರೆಗೆ ಹೋದರು. ಸೀಟಿ ಕೇಳಿಸಿತು. ಅವಳು ಅದಕ್ಕೆ ಮುಂಚೆ ದಾಟಿದಳೋ ಆಮೇಲೆ ದಾಟಿದಳೋ ತಿಳಿಯುವ ದಾರಿ ಇರಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ನಾಲ್ವರೂ ಹೊರಬಂದರು. ಮೂವರು ಪಾಸಾಗಿದ್ದರು, ಆ ಸಂತೋಷವನ್ನು ಎಲ್ಲಿ ಬಚ್ಚಿಡಬೇಕೆಂದು ಅವರಿಗೆ ತಿಳಿಯುತ್ತಿರಲಿಲ್ಲ. ಹ್ಯಾಂಡ್‌ಪೋಸ್ಟಿನವಳು ನನ್ನನ್ನು ಕಂಡದ್ದೇ ಅಳತೊಡಗಿದಳು. ಕೊನೆಯ ತಿರುವಿನವರೆಗೂ ಅವಳೇ ಮುಂದಿದ್ದಳು ಮಿಸ್, ಅಲ್ಲಿ ಕಾಲು ಹಿಡಿದುಕೊಂಡಿತು, ಕುಂಟಿಕೊಂಡೇ ಗೆರೆ ದಾಟಿದಳು ಎಂದಳು. ಅಷ್ಟರಲ್ಲಿ ಸೀಟಿ ಆಗಿತ್ತು. ಓಟಕ್ಕೆ ಎರಡನೆಯ ಅವಕಾಶವಿಲ್ಲ.

ಬೆಟ್ಟದಪುರದವಳು ಅಳಲಿಲ್ಲ. ಫೈಲನ್ನು ಬ್ಯಾಗಿನ ತಳಕ್ಕೆ, ಬಟ್ಟೆಗಳ ಕೆಳಗೆ ಹಾಕಿದಳು.

ವಾಪಸು ಬರುವ ಬಸ್ಸಿನಲ್ಲಿ ಅವಳ ಗಂಡ ನನ್ನ ಫೋನಿಗೆ ಕರೆ ಮಾಡಿದ. ಫೋನನ್ನು ಅವಳಿಗೆ ಕೊಟ್ಟೆ. "ಆಗ್ನಿಲ್ಲ" ಎಂದಳು. ಅವನು ಏನೋ ಹೇಳುತ್ತಲೇ ಇದ್ದ. "ಊಂ" ಎಂದಳು, ಮತ್ತೆ "ಊಂ" ಎಂದಳು. ರಾತ್ರಿಯ ವಿಷಯವನ್ನು ಅವಳೂ ಹೇಳಲಿಲ್ಲ, ನಾನೂ ಈವರೆಗೆ ಆ ಮನೆಯವರಿಗೆ ಹೇಳಿಲ್ಲ. ನಾನು ಫೋನ್ ಮಾಡದೆ ಉಳಿಸಿದ್ದು ಏನನ್ನು ಎಂದು ಆ ಬಸ್ಸಿನಲ್ಲಿ ಬಹಳ ಹೊತ್ತು ಯೋಚಿಸಿದೆ. ಅವಳ ಹೆಸರು ಉಳಿದಿತ್ತು. ಕೆಲಸ ಹೋಗಿತ್ತು.

ಮೈಸೂರಿನಲ್ಲಿ ಇಬ್ಬರು ಇಳಿದುಕೊಂಡರು. ಹುಣಸೂರಿನಲ್ಲಿ ಗುರುಪುರದವಳು ತನ್ನ ಬಸ್ಸಿಗೆ ಹೋಗುವ ಮುಂಚೆ ಬೆಟ್ಟದಪುರದವಳ ಎದುರು ನಿಂತಳು, ಅವಳ ಕೈ ಮುಟ್ಟಿ ಹೋದಳು. ನಾವಿಬ್ಬರೇ ಉಳಿದೆವು. ಅವಳ ಅತ್ತೆ ನೀರು ಕುಡಿಸಿದ್ದ ಅದೇ ಕಲ್ಲುಬೆಂಚಿನ ಮೇಲೆ ಕೂತೆವು. ಮುಂದಿನ ಸಲ ಎಂದು ಹೇಳಲು ಅವಳಿಗೆ ಮುಂದಿನ ಸಲ ಇರಲಿಲ್ಲ. ಚೆನ್ನಾಗಿ ಓಡಿದೆ ಎಂದರೆ ಅದು ಅವಳಿಗೂ ಗೊತ್ತಿತ್ತು. ಮಗಳಿಗೆ ಕೊಡು ಎಂದು ಬಿಸ್ಕತ್ತಿನ ಪೊಟ್ಟಣ ತಂದು ಅವಳ ಬ್ಯಾಗಿಗೆ ಹಾಕಿದೆ.

ಬೆಟ್ಟದಪುರದ ಬಸ್ಸು ಬಂದು ನಿಂತಿತು. ಅವಳು ಎದ್ದು, ಬ್ಯಾಗು ಹೆಗಲಿಗೇರಿಸಿ, "ಓಗ್ಬುಟ್ ಬತ್ತೀನಿ ಮಿಸ್," ಎಂದಳು.

ಆ ಮಾತಿಗೆ ನಮ್ಮ ಕಡೆ ಏನು ಕೇಳುತ್ತಾರೋ ಅದೇ ನನ್ನ ಬಾಯಿಗೂ ಬಂತು. ಮನಸ್ಸು ಎಲ್ಲೋ ಇತ್ತು, ನಾಲಗೆ ಅಭ್ಯಾಸದಂತೆ ಆಡಿತು.

"ದೂರಾನಾ?" ಎಂದೆ.

ಅವಳು ಹೋಗುತ್ತಿದ್ದವಳು ನಿಂತಳು. ತಿರುಗಿ ನನ್ನ ಮುಖವನ್ನೇ ನೋಡಿದಳು. ಎರಡು ದಿನಗಳಲ್ಲಿ ಮೊದಲ ಸಲ ಅವಳ ಕಣ್ಣು ತುಂಬಿತ್ತು.

"ಎಲ್ಗೆ ಅಂತ್ಲೇ ಕೇಳಿ ಮಿಸ್. ಇನ್ನು ಕೆಡಾದು ಏನದೆ."

ನಾನು ಕೇಳಿದೆ.

"ಮನೆಗೆ," ಎಂದು ಹೇಳಿ ಬಸ್ಸು ಹತ್ತಿದಳು.